ವಾರಕ್ಕೆ ಮೂರು ದಿನ ಲೆಕ್ಕ ಬರೆಯೋ ಕೆಲಸಕ್ಕೆ ಹೋದರೆ ಯುವನಿಧಿಯಲ್ಲಿ ಎಷ್ಟು ಕಡಿತ ಆಗುತ್ತೆ?

ಕಡಿತ ಆಗಲ್ಲ, ಪೂರ್ತಿ ನಿಲ್ಲುತ್ತೆ. ಯುವನಿಧಿ ಅಂದರೆ ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ಕರ್ನಾಟಕ ಸರ್ಕಾರ ಕೊಡೋ ನಿರುದ್ಯೋಗ ಭತ್ಯೆ. ಕೆಲಸ ಇದೆಯಾ, ಇಲ್ವಾ ಅಷ್ಟೇ. "ಇಷ್ಟು ದುಡಿದರೆ ಇಷ್ಟು ಮುರಿದುಕೊಳ್ಳುತ್ತಾರೆ" ಅನ್ನೋ ಲೆಕ್ಕವೇ ಇದರಲ್ಲಿಲ್ಲ. ನಾನೂ ಅದೇ ಲೆಕ್ಕ ಹಾಕಿ ಕೆಟ್ಟವಳು.

2023ರಲ್ಲಿ ಬಿ.ಕಾಂ. ಮುಗಿಸಿದೆ. ಯುವನಿಧಿಯ 3,000 ತಿಂಗಳು ತಿಂಗಳು ಬರುತ್ತಿತ್ತು (ಡಿಪ್ಲೊಮಾದವರಿಗೆ 1,500). ಆಮೇಲೆ ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಮಧ್ಯಾಹ್ನದ ಮೇಲೆ ಬಿಲ್ ಬರೆಯೋ ಕೆಲಸ ಸಿಕ್ಕಿತು. ತಿಂಗಳಿಗೆ 7,000. ಅರ್ಧ ದಿನದ್ದು, ಇದೂ ಒಂದು ನೌಕರಿನಾ ಅಂದುಕೊಂಡೆ.

ಸೇರಿದ ದಿನ ಆಧಾರ್ ಜೆರಾಕ್ಸ್ ತಗೊಂಡು ಒಂದು ಫಾರಂಗೆ ಸಹಿ ಹಾಕಿಸಿದರು. ಓದಲಿಲ್ಲ. ಮೊದಲ ಸಂಬಳದ ಚೀಟಿಯಲ್ಲಿ ಪಿಎಫ್ ಅಂತ 840 ಮುರಿದಿದ್ದರು. ಮುಂದಕ್ಕೆ ಆಗುತ್ತೆ ಬಿಡು ಅಂತ ಖುಷಿಪಟ್ಟೆ! 20 ಜನ ಇರುವ ಕಡೆ 15,000ದ ಒಳಗಿನ ಸಂಬಳದವರಿಗೆ ಪಿಎಫ್ ಇದ್ದೇ ಇರುತ್ತೆ, ಅರ್ಧ ದಿನವಾದರೂ ಸರಿ. ಅಂದರೆ ನನ್ನ ಆಧಾರ್‌ಗೆ ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡೋ ನಂಬರ್, ಅಂಟಿಕೊಂಡಿತ್ತು. ಪಿಎಫ್ ಕಟ್ಟಿದ್ದು ತಪ್ಪಲ್ಲ, ನೆನಪಿಡಿ. ತಪ್ಪಾಗಿದ್ದು ಬೇರೆ ಕಡೆ. ಆಗ ಪ್ರತಿ ತಿಂಗಳು 25ರ ಒಳಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ನಿರುದ್ಯೋಗಿ ಅಂತ ಸ್ವಯಂ ಘೋಷಣೆ ಕೊಡಬೇಕಿತ್ತು. ನಾನು ಸೈಬರ್ ಸೆಂಟರ್ ಹುಡುಗನಿಗೆ ಓಟಿಪಿ ಹೇಳಿ, ಅವನು ಟಿಕ್ ಒತ್ತಿದ ಮೇಲೆ ದುಡ್ಡು ಕೊಟ್ಟು ಬರುತ್ತಿದ್ದೆ. ಪರದೆ ಮೇಲೆ ಏನಿತ್ತು ಅಂತ ಒಂದು ಸಲವೂ ಬಗ್ಗಿ ನೋಡಲಿಲ್ಲ. ಕೈಯಲ್ಲಿ ಸಂಬಳ ಇಟ್ಟುಕೊಂಡು ಮೂರು ಸಲ "ಕೆಲಸ ಇಲ್ಲ" ಅಂತ ಬರೆದುಕೊಟ್ಟಿದ್ದೆ. ನನ್ನ ಹೆಸರಲ್ಲಿ, ನನ್ನದೇ ಓಟಿಪಿಯಲ್ಲಿ.

ನಾಲ್ಕನೇ ತಿಂಗಳು ಹಣ ಬರಲಿಲ್ಲ. ಕಚೇರಿಗೆ ವಿಚಾರಿಸಲು ಹೋದರೆ ಅಲ್ಲಿನವರು ನನ್ನ ಯುಎಎನ್ ನಂಬರನ್ನೇ ಓದಿ ಹೇಳಿದರು. ತಗೊಂಡಿದ್ದ 9,000 ವಾಪಸ್ ಕಟ್ಟಿದೆ, ಅಮ್ಮನ ಚೀಟಿ ದುಡ್ಡಲ್ಲಿ.

ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತೆ. ಯುವನಿಧಿ ಹೆಚ್ಚೆಂದರೆ ಎರಡು ವರ್ಷ. ಅದನ್ನು ಉಳಿಸಿಕೊಳ್ಳಲು ಕೆಲಸ ಬಿಡೋದು ಯಾವ ಬುದ್ಧಿ? ಹೋಗಿ ಸೇರಿ, ಆ ದಿನದಿಂದಲೇ ಘೋಷಣೆ ನಿಲ್ಲಿಸಿ. ಕೈಗೆ ಕ್ಯಾಶ್ ತಗೋ, ಯಾರಿಗೂ ಗೊತ್ತಾಗಲ್ಲ ಅನ್ನೋರ ಮಾತಂತೂ ಕೇಳಲೇಬೇಡಿ.

ನಾನೀಗ ಅದೇ ಯೂನಿಟ್‌ನಲ್ಲಿ ಇಡೀ ದಿನ ಇದ್ದೇನೆ. ಹೊಸಬರ ಫಾರಂಗೆ ಸಹಿ ಹಾಕಿಸೋದು ಈಗ ನಾನೇ. ಓದಿ ಅಂದರೆ ಯಾರೂ ಓದಲ್ಲ, "ಎಲ್ಲಿ ಹಾಕಬೇಕು ಮೇಡಂ" ಅಂತಾರೆ.