ಮಳೆ ಸುರಿದ ಮೇಲೆ ಹಳ್ಳದ ಮೀನು ಸಾಯುವುದೇಕೆ?

ಪ್ರಶ್ನೆ: ಕಾರ್ಖಾನೆಯ ನೀರಾಗಲಿ ಒಳಚರಂಡಿಯ ನೀರಾಗಲಿ ಸೇರದ ನಗರದ ಹಳ್ಳಗಳಲ್ಲಿಯೂ ಜೋರು ಮಳೆಯಾದ ಬಳಿಕ ಮೀನುಗಳು ಸಾಯುತ್ತವೆ ಎಂದು ಓದಿದ್ದೇನೆ. ರಸ್ತೆಯ ಮೇಲೆ ಹರಿದ ಮಾತ್ರಕ್ಕೆ ಮಳೆನೀರು ಅಷ್ಟು ವಿಷವಾಗುವುದು ಹೇಗೆ?

ಉತ್ತರ: ಮಳೆಯಿಲ್ಲದ ದಿನಗಳಲ್ಲಿ ಟೈರು ಸವೆದ ಪುಡಿ, ಬ್ರೇಕ್ ಪ್ಯಾಡಿನಿಂದ ಉದುರಿದ ಲೋಹದ ಧೂಳು, ಸೋರಿದ ಎಣ್ಣೆ, ಹೊಗೆಯ ಮಸಿ ಇವೆಲ್ಲ ಡಾಂಬರಿನ ಮೇಲೆ ಕೂಡಿಕೊಳ್ಳುತ್ತವೆ. ಮಣ್ಣಿನ ನೆಲದಲ್ಲಿ ಇಂಗಿ, ಸೋಸಿಕೊಂಡು ನಿಧಾನವಾಗಿ ಹಳ್ಳ ಸೇರಬೇಕಾದ ನೀರು ರಸ್ತೆಯ ಮೇಲೆ ಬಿದ್ದಾಗ ಈ ಕೊಳೆಯನ್ನೆಲ್ಲ ತೊಳೆದುಕೊಂಡು ಮೋರಿಯ ಮೂಲಕ ನೇರವಾಗಿ ಹಳ್ಳಕ್ಕೆ ನುಗ್ಗುತ್ತದೆ. ಹಲವು ದಿನ ಒಣಗಿದ ಮೇಲೆ ಬರುವ ಮಳೆಯ ಮೊದಲ ಹರಿವು ಸಾಮಾನ್ಯವಾಗಿ ಹೆಚ್ಚು ಕೊಳಕು.

ನೀರಿನ ಮೇಲೆ ಬಣ್ಣಬಣ್ಣವಾಗಿ ಹೊಳೆಯುವ ಎಣ್ಣೆಯ ಪದರ ಎಲ್ಲರ ಕಣ್ಣಿಗೂ ಬೀಳುವುದರಿಂದ ಅನುಮಾನವೂ ಮೊದಲು ಅದರ ಮೇಲೆಯೇ ಹೋಗುತ್ತದೆ. ಆದರೆ ಈವರೆಗೆ ಅತ್ಯಂತ ಸ್ಪಷ್ಟವಾಗಿ ಬಯಲಾದ ಪ್ರಕರಣದಲ್ಲಿ ಕೊಂದದ್ದು ಕಣ್ಣಿಗೆ ಕಾಣದ ವಸ್ತು. ಅಮೆರಿಕದ ಸಿಯಾಟಲ್ ಸುತ್ತಲಿನ ಹಳ್ಳಗಳಿಗೆ ಮೊಟ್ಟೆಯಿಡಲೆಂದು ಸಮುದ್ರದಿಂದ ಮರಳುವ ಕೊಹೊ ಸಾಲ್ಮನ್ ಮೀನುಗಳು ಶರತ್ಕಾಲದ ಮಳೆಯ ಬೆನ್ನಿಗೇ ಮೇಲ್ಮೈಗೆ ಬಂದು, ಬಾಯಿ ತೆರೆದು, ಈಜಿನ ಹಿಡಿತ ತಪ್ಪಿ ಮಗ್ಗುಲಿಗೆ ಹೊರಳಿ ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಸತ್ತ ಹೆಣ್ಣುಮೀನನ್ನು ಸೀಳಿ ನೋಡಿದರೆ ಹೊಟ್ಟೆಯ ತುಂಬ ಮೊಟ್ಟೆಗಳು ಹಾಗೆಯೇ ಇರುತ್ತಿದ್ದವು. 2020ರ ಕೊನೆಯಲ್ಲಿ ವಿಜ್ಞಾನಿಗಳು ಅಪರಾಧಿಯನ್ನು ಗುರುತಿಸಿದರು. ಓಝೋನ್ ತಾಗಿ ಟೈರಿನ ರಬ್ಬರು ಬಿರಿಯದಿರಲೆಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕವು ಅದೇ ಓಝೋನಿನೊಡನೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಲೀಟರಿಗೆ 0.1 ಮೈಕ್ರೋಗ್ರಾಂನಷ್ಟಿದ್ದರೂ ಪ್ರಯೋಗದಲ್ಲಿ ಕೊಹೊ ಮರಿಗಳಲ್ಲಿ ಅರ್ಧದಷ್ಟು ಸಾಯುತ್ತವೆ. ವಿಚಿತ್ರವೆಂದರೆ ಇದರ ಹತ್ತಿರದ ಬಂಧುವಾದ ಚಮ್ ಸಾಲ್ಮನ್ ಅದೇ ರಸ್ತೆನೀರಿನಲ್ಲಿ ಬದುಕಿ ಉಳಿಯುತ್ತದೆ. ರೇನ್‌ಬೋ ಟ್ರೌಟ್, ಬ್ರೂಕ್ ಟ್ರೌಟ್‌ಗಳು ಸಾಯುತ್ತವೆ. ಆದ್ದರಿಂದ ಯಾವುದೋ ಒಂದು ಜಾತಿಯ ಮೀನು ಓಡಾಡಿಕೊಂಡಿದೆ ಎಂಬುದನ್ನೇ ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಒಪ್ಪಲಾಗದು.

ಸಾವು ಲೆಕ್ಕಕ್ಕೆ ಸಿಗುತ್ತದೆ, ಉಳಿದ ಹಾನಿ ಸಿಗುವುದಿಲ್ಲ. ಬೇಟೆಗೆ ಸಿಕ್ಕ ಮೀನಿನ ಗಾಯಗೊಂಡ ಚರ್ಮದಿಂದ ಹೊರಬರುವ ವಾಸನೆಯನ್ನು ಹಿಡಿದು ಸಾಲ್ಮನ್ ಮರಿಗಳು ಅಲುಗದೆ ನಿಲ್ಲುತ್ತವೆ. ಬ್ರೇಕ್ ಧೂಳಿನ ತಾಮ್ರ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಕರಗಿದ್ದರೂ ಘ್ರಾಣಶಕ್ತಿ ಮಂದವಾಗಿ, ಅವು ಎಚ್ಚರ ತಪ್ಪಿ ಸುಲಭದ ತುತ್ತಾಗುತ್ತವೆ. ಎಣ್ಣೆ ಮತ್ತು ಹೊಗೆಯಲ್ಲಿರುವ ಕೆಲವು ಹೈಡ್ರೋಕಾರ್ಬನ್‌ಗಳು ಮೊಟ್ಟೆಯೊಳಗಿನ ಭ್ರೂಣದ ಹೃದಯವನ್ನೇ ವಿರೂಪಗೊಳಿಸುತ್ತವೆ.

ಪ್ರಶ್ನೆ: ಇದನ್ನು ತಡೆಯಲು ಸಾಧ್ಯವೇ?

ಉತ್ತರ: ಬಹುಮಟ್ಟಿಗೆ ಸಾಧ್ಯ, ಉಪಾಯವೂ ಸರಳವಾಗಿದೆ. ಕೊಹೊ ಮೀನುಗಳನ್ನು ಕೊಲ್ಲುತ್ತಿದ್ದ ರಸ್ತೆನೀರನ್ನೇ ಮರಳು, ಕಾಂಪೋಸ್ಟ್, ಮರದ ತೊಗಟೆಗಳ ಮಿಶ್ರಣದ ಮೂಲಕ ಹಾಯಿಸಿದಾಗ ಆ ನೀರಿನಲ್ಲಿ ಮೀನುಗಳು ಬದುಕಿದವು. ಹೀಗಾಗಿ ರಸ್ತೆಯ ಅಂಚಿನಲ್ಲಿ ಗಿಡ ನೆಟ್ಟ ಇಂಗುಪಾತಿಗಳನ್ನು ಮಾಡಿ, ಮೊದಲ ಹರಿವನ್ನು ಅವುಗಳಿಗೆ ತಿರುಗಿಸುವುದು ಉಪಯುಕ್ತ. ಮೋರಿಯ ಬಾಯಿಗೆ ಜಾಲರಿ ಹಾಕುವುದು ಇದಕ್ಕೆ ಬದಲಿಯಲ್ಲ. ಜಾಲರಿ ಎಲೆ ಮತ್ತು ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆಯೇ ಹೊರತು ಕರಗಿದ ವಿಷವನ್ನಲ್ಲ.

ಮೂಲದಲ್ಲಿಯೇ ತಡೆಯುವ ವಿಷಯದಲ್ಲಿ ಬ್ರೇಕ್ ಪ್ಯಾಡು ಒಳ್ಳೆಯ ನಿದರ್ಶನ. ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಅದರ ತಾಮ್ರವನ್ನು ಹಂತಹಂತವಾಗಿ ಇಳಿಸುವ ಕಾಯ್ದೆ ಮಾಡಿದವು. ಟೈರಿನ ವಿಷಯ ಅಷ್ಟು ಸುಲಭವಲ್ಲ. 6ಪಿಪಿಡಿ ತೆಗೆದರೆ ಟೈರು ಬೇಗ ಬಿರುಕುಬಿಟ್ಟು ಪ್ರಯಾಣಿಕರ ಸುರಕ್ಷತೆಗೇ ಧಕ್ಕೆಯಾಗುವುದರಿಂದ, ಅದರ ಕೆಲಸವನ್ನು ಮಾಡಿಯೂ ಮೀನಿಗೆ ವಿಷವಾಗದ ಬದಲಿಯ ಹುಡುಕಾಟ ನಡೆದಿದೆ.