ವಕೀಲಿಕೆ ಓದಿದವರಿಗೆ ಲೈಬ್ರರಿಯಲ್ಲೇನು ಕೆಲಸ?

ದಾವಣಗೆರೆಯ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರಾಂಶ ಇಷ್ಟು: "ಎಲ್‌ಎಲ್‌ಬಿ ಮುಗಿಸಿ, ಸನ್ನದು (ವಕೀಲಿಕೆಯ ಪರವಾನಗಿ) ಪಡೆದು, ಒಬ್ಬ ಸೀನಿಯರ್ ಹತ್ತಿರ ಇದ್ದೇನೆ. ವಾದ ಮಾಡುವುದಕ್ಕಿಂತ ತೀರ್ಪು ಹುಡುಕುವುದೇ ನನಗೆ ಇಷ್ಟ. ಲೈಬ್ರರಿ ಸೈನ್ಸ್ ಓದಿ ಲಾ ಕಾಲೇಜಿನ ಲೈಬ್ರರಿ ಸೇರೋಣ ಅಂತಿದ್ದೇನೆ. ಮನೆಯಲ್ಲಿ 'ಲಾಯರ್ ಆಗಿ ಪುಸ್ತಕಕ್ಕೆ ಸೀಲು ಹೊಡೀತೀಯಾ?' ಅಂತಾರೆ. ಪಾಠ ಮಾಡುವ ಆಸೆಯೂ ಇದೆ. ಎರಡೂ ಆಗುತ್ತಾ? ಸನ್ನದಿನ ಗತಿ ಏನು?"

ಸಂಪಾದಕರ ಉತ್ತರ:

ಆಗುತ್ತೆ. ಆದರೆ ನಮ್ಮಲ್ಲಿ ಅದಕ್ಕೆ ಹಾಸಿಟ್ಟ ದಾರಿ ಇಲ್ಲ. ಅಮೆರಿಕದಲ್ಲಿ ಇದೆ. ಅಲ್ಲಿನ ಲಾ ಸ್ಕೂಲುಗಳಲ್ಲಿ ಲೈಬ್ರರಿಯ ಮುಖ್ಯಸ್ಥರು ಸಾಮಾನ್ಯವಾಗಿ ಎರಡು ಪದವಿ ಪಡೆದವರು. ಒಂದು ಕಾನೂನಿನದು, ಇನ್ನೊಂದು ಗ್ರಂಥಾಲಯ ವಿಜ್ಞಾನದ್ದು. ಎಷ್ಟೋ ಕಡೆ ಅವರೇ ಪ್ರೊಫೆಸರೂ ಹೌದು. ಅಂಥ ಒಬ್ಬರ ಕಥೆ ನಿಮ್ಮ ಮನೆಯವರಿಗೆ ಓದಿ ಹೇಳಿ.

ಅವರ ಹೆಸರು ಮಾರಿಸ್ ಕೋಹೆನ್. 1927ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. 1951ರಲ್ಲಿ ಕೊಲಂಬಿಯಾ ಲಾ ಸ್ಕೂಲಿನಿಂದ ಪದವಿ. ಕೆಲವು ವರ್ಷ ಅದೇ ಊರಿನಲ್ಲಿ ವಕೀಲಿಕೆ ಮಾಡಿದರು. ಆಮೇಲೆ ಕೋಟು ಬಿಚ್ಚಿಟ್ಟು ಬ್ರೂಕ್ಲಿನ್‌ನ ಪ್ರ್ಯಾಟ್ ಇನ್‌ಸ್ಟಿಟ್ಯೂಟಿನಲ್ಲಿ ಲೈಬ್ರರಿ ವಿದ್ಯೆ ಕಲಿಯಲು ಕೂತರು. ಕೊಲಂಬಿಯಾದಲ್ಲಿ ಓದಿ ವಕೀಲನಾದವನು ಮತ್ತೆ ವಿದ್ಯಾರ್ಥಿ ಆಗೋದು ಅಂದರೆ, ಅವರ ಮನೆಯಲ್ಲೂ ಸೀಲಿನ ಮಾತು ಬಂದಿದ್ದರೆ ಆಶ್ಚರ್ಯವಿಲ್ಲ.

ಆಮೇಲಿನದು ನೋಡಿ. ಬಫಲೋದಲ್ಲಿ ಲಾ ಲೈಬ್ರರಿಯನ್. 1963ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. 1971ರಿಂದ ಹತ್ತು ವರ್ಷ ಹಾರ್ವರ್ಡ್. 1981ರಿಂದ ಇನ್ನೊಂದು ಹತ್ತು ವರ್ಷ ಯೇಲ್. ಲೈಬ್ರರಿ ನಡೆಸುವುದರ ಜೊತೆಗೇ ಕಾನೂನು ಸಂಶೋಧನೆಯ ಪಾಠ. ವಿದ್ಯಾರ್ಥಿಗಳಿಗಾಗಿ ಅದೇ ವಿಷಯದ ಕೈಪಿಡಿಗಳನ್ನೂ ಬರೆದರು. ನಿವೃತ್ತಿಯ ನಂತರವೂ ಪಾಠ ನಿಲ್ಲಿಸಲಿಲ್ಲ. 2010ರ ಡಿಸೆಂಬರಿನಲ್ಲಿ ತೀರಿಕೊಂಡರು.

ಹುದ್ದೆಗಳನ್ನು ಬದಿಗಿಡಿ. ನನಗೆ ಅವರಲ್ಲಿ ದೊಡ್ಡದಾಗಿ ಕಾಣುವುದು ಒಂದು ಗ್ರಂಥಸೂಚಿ. ಅಮೆರಿಕದಲ್ಲಿ ಅಚ್ಚು ಶುರುವಾದಾಗಿನಿಂದ 1860ರವರೆಗೆ ಬಂದ ಕಾನೂನು ಪುಸ್ತಕಗಳನ್ನೆಲ್ಲ ಒಂದೊಂದಾಗಿ ಹುಡುಕಿ, ವಿವರ ಬರೆದರು. 1998ರಲ್ಲಿ ಆರು ಸಂಪುಟಗಳಾಗಿ ಹೊರಬಂತು. ಹಿಂದೆ ಮೂರು ದಶಕಗಳ ದುಡಿಮೆ ಇತ್ತು. ಇಂಥ ಪುಸ್ತಕವನ್ನು ಯಾರೂ ಮೊದಲಿಂದ ಕೊನೆವರೆಗೆ ಓದಲ್ಲ. ಆದರೆ ಆ ಕಾಲದ ಕಾನೂನಿನ ಇತಿಹಾಸ ಬರೆಯುವವರು ಅದನ್ನು ತೆಗೆಯದೆ ಇರೋಕಾಗಲ್ಲ. ಜೊತೆಗೊಂದು ಹುಚ್ಚೂ ಇತ್ತು. ನ್ಯಾಯಾಧೀಶರು, ಕೋರ್ಟು, ಕಳ್ಳರು ಬರುವ ಹಳೆಯ ಮಕ್ಕಳ ಪುಸ್ತಕಗಳನ್ನು ಕೂಡಿಸಿಡುತ್ತಿದ್ದರು. ಮಗುವಿಗೆ ಕಾನೂನು ಮೊದಲು ಪರಿಚಯವಾಗೋದು ಕಥೆಯಲ್ಲೇ ಅಲ್ವಾ? ಆ ಸಂಗ್ರಹವನ್ನು ಕೊನೆಗೆ ಯೇಲ್ ಲೈಬ್ರರಿಗೇ ಕೊಟ್ಟರು.

ಇನ್ನು, ಕಾನೂನು ಸಂಶೋಧನೆಯ ಪಾಠದಲ್ಲಿ ಅಂಥದ್ದೇನಿದೆ? ನೀವು ಸೀನಿಯರ್ ಆಫೀಸಿನಲ್ಲಿ ಇರುವವರು, ನಿಮಗೆ ಗೊತ್ತು. ತೀರ್ಪು ಸಿಕ್ಕರೆ ಅರ್ಧ ಕೆಲಸ. ಅದು ಇವತ್ತಿಗೂ ನಿಲ್ಲುತ್ತದಾ, ಮೇಲಿನ ಕೋರ್ಟು ತಳ್ಳಿಹಾಕಿದೆಯಾ, ದೊಡ್ಡ ಪೀಠ ಓವರ್‌ರೂಲ್ ಮಾಡಿದೆಯಾ, ಮಧ್ಯೆ ಕಾಯ್ದೆಗೇ ತಿದ್ದುಪಡಿ ಬಂತಾ ಎಂದು ನೋಡುವುದು ಉಳಿದರ್ಧ. 1873ರಲ್ಲಿ ಚಿಕಾಗೋದ ಫ್ರ್ಯಾಂಕ್ ಶೆಪರ್ಡ್ ಎಂಬವರು ಇದಕ್ಕೆ ಅಂಟು ಚೀಟಿ ಮಾರಲು ಶುರು ಮಾಡಿದರು. ಈ ತೀರ್ಪನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿಕೊಂಡಿದ್ದಾರೆ ಎಂದು ಚೀಟಿಯಲ್ಲಿ ಅಚ್ಚಾಗಿರುತ್ತಿತ್ತು. ವಕೀಲರು ತಮ್ಮ ರಿಪೋರ್ಟಿನ, ಅಂದರೆ ತೀರ್ಪುಗಳು ಅಚ್ಚಾದ ಸಂಪುಟದ, ಅಂಚಿಗೆ ಅದನ್ನು ಅಂಟಿಸಿಕೊಳ್ಳುತ್ತಿದ್ದರು. ಆಮೇಲೆ ಚೀಟಿ ಹೋಗಿ ಪುಸ್ತಕ ಬಂತು. ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಕೆಲಸ ಮಾತ್ರ ಅದೇ.

ನಮ್ಮಲ್ಲೂ ಇದರ ತೊಡಕು ಕಡಿಮೆ ಇಲ್ಲ. ಒಂದೇ ತೀರ್ಪು ಎಸ್‌ಸಿಆರ್, ಎಐಆರ್, ಎಸ್‌ಸಿಸಿ ಎಂಬ ಮೂರು ರಿಪೋರ್ಟುಗಳಲ್ಲೂ ಇರುತ್ತೆ. ಸೈಟೇಶನ್, ಅಂದರೆ ತೀರ್ಪು ಎಲ್ಲಿದೆ ಎಂದು ಹೇಳುವ ಗುರುತು, ಬೇರೆ ಬೇರೆ. ರಾಜ್ಯದ ಹೆಸರು ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನ ನಮ್ಮ ಹೈಕೋರ್ಟಿನ ತೀರ್ಪುಗಳು ವರದಿಯಾಗಿರೋದು ಮೈಸೂರು ಎಂಬ ಹೆಸರಿನಲ್ಲಿ. 'ಕರ್ನಾಟಕ' ಅಂತ ಮಾತ್ರ ಹುಡುಕಿದ ಜೂನಿಯರ್ 'ಏನೂ ಸಿಗಲಿಲ್ಲ ಸಾರ್' ಅಂತ ವಾಪಸ್ ಬರುತ್ತಾನೆ. ಇದನ್ನು ಹೇಳಿಕೊಡುವವರು ಯಾರು? ಎಷ್ಟೋ ಕಾಲೇಜಿನಲ್ಲಿ ಮೊದಲ ವಾರ ವಿದ್ಯಾರ್ಥಿಗಳನ್ನು ಲೈಬ್ರರಿಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸಿದರೆ ಮುಗೀತು. ಇದು ನನಗೆ ಸರಿ ಕಾಣುವುದಿಲ್ಲ.

ಈಗಂತೂ ಈ ವಿದ್ಯೆ ಜಾಸ್ತಿ ಬೇಕು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ದೂರದ ಮಾತು ಬಿಡಿ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲೇ ಇಂಥ ತೀರ್ಪುಗಳು ಬಂದು, ಆದೇಶ ವಾಪಸ್ ತೆಗೆದುಕೊಳ್ಳಬೇಕಾಯಿತು. ಆ ಸೈಟೇಶನ್‌ಗಳನ್ನು ಯಾರಾದರೂ ಒಮ್ಮೆ ರಿಪೋರ್ಟಿನಲ್ಲಿ ತೆರೆದು ನೋಡಿದ್ದರೆ ಸಾಕಿತ್ತು.

ಪಾಠ ಬಿಟ್ಟು ಲೈಬ್ರರಿಗೆ ಹೋದರೆ ಕೆಳಗಿಳಿದ ಹಾಗೆ ಎನ್ನುವವರಿಗೆ ಎಸ್.ಆರ್. ರಂಗನಾಥನ್ ಅವರ ಹೆಸರು ಹೇಳಿ. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಮೊದಮೊದಲು ಅವರಿಗೇ ಬೇಜಾರಾಗಿ, ಹಳೇ ಕೆಲಸವೇ ಕೊಡಿ ಎಂದಿದ್ದರು! ಲಂಡನ್ನಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿದ ಮೇಲೆ ಮನಸ್ಸು ತಿರುಗಿತು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ ಎಂಬ ಲೈಬ್ರರಿ ವಿದ್ಯೆಯ ಕೇಂದ್ರ ಇಂದಿಗೂ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿ ನಡೆಯುತ್ತಿದೆ. ನೀವು ಅರ್ಜಿ ಹಾಕಬೇಕಾದ ಜಾಗಗಳಲ್ಲಿ ಅದೂ ಒಂದು.

ಈಗ ಲೆಕ್ಕಾಚಾರದ ಮಾತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಕಾಲೇಜು ಲೈಬ್ರರಿಯನ್ ಆಗಲು ಲೈಬ್ರರಿ ಸೈನ್ಸ್‌ನಲ್ಲಿ ಶೇ. 55 ಅಂಕದ ಸ್ನಾತಕೋತ್ತರ ಪದವಿ ಮತ್ತು ಆ ವಿಷಯದಲ್ಲೇ ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಸಂಬಳದ ಶ್ರೇಣಿ ಅಸಿಸ್ಟೆಂಟ್ ಪ್ರೊಫೆಸರರದ್ದೇ, ಲೆವೆಲ್ 10. ಮನೆಯಲ್ಲಿ ಮೊದಲು ಇದನ್ನೇ ಹೇಳಿ, ಕೋಹೆನ್ ಆಮೇಲೆ ಬರಲಿ! ಕಾನೂನು ಬೋಧಕರಾಗಲು ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮತ್ತು ಕಾನೂನಿನಲ್ಲಿ ನೆಟ್ ಅಥವಾ ಸೆಟ್, ಅದು ಬೇರೆ. ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಲೈಬ್ರರಿಯದ್ದು ಮುಗಿಸಿ, ಕೆಲಸ ಸಿಕ್ಕ ಮೇಲೆ ಎಲ್‌ಎಲ್‌ಎಂ ನೋಡಿ. ಪಾಠಕ್ಕೆ ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಪ್ರಿನ್ಸಿಪಾಲರನ್ನು ಕೇಳಿ ವಾರಕ್ಕೊಂದು ಗಂಟೆ ಸೈಟೇಶನ್ ಹುಡುಕುವ ಕ್ಲಾಸು ಪಡೆಯಿರಿ. ಪುಕ್ಕಟೆ ಮಾಡುವವರಿಗೆ ಯಾರೂ ಬೇಡ ಅನ್ನಲ್ಲ.

ಸನ್ನದಿನ ವಿಷಯ. ಬಾರ್ ಕೌನ್ಸಿಲ್ ನಿಯಮದಂತೆ ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವಷ್ಟು ದಿನ ವಕೀಲಿಕೆ ಮಾಡುವಂತಿಲ್ಲ. ಅರೆಕಾಲಿಕವಾಗಿ ಕಾನೂನು ಪಾಠ ಮಾಡುವ ವಕೀಲರಿಗೆ ರಿಯಾಯಿತಿ ಇದೆ, ಆದರೆ ಲೈಬ್ರರಿಯ ಕಾಯಂ ಹುದ್ದೆ ಅದರಲ್ಲಿ ಬರಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ ಕೂಡಲೇ ರಾಜ್ಯ ಬಾರ್ ಕೌನ್ಸಿಲಿಗೆ ತಿಳಿಸಿ ಸನ್ನದನ್ನು ಅಮಾನತ್ತಿನಲ್ಲಿಡಿಸಿ. ಸುಮ್ನೆ ಇದ್ದುಬಿಡಬೇಡಿ, ಮುಂದೆ ತೊಂದರೆಯಾದೀತು. ವಕೀಲಿಕೆಗೇ ವಾಪಸ್ ಬರಬೇಕು ಅನಿಸಿದರೆ ಅರ್ಜಿ ಕೊಟ್ಟು ಮತ್ತೆ ಚಾಲ್ತಿಗೆ ತರಿಸಿಕೊಳ್ಳಬಹುದು.