ಗುಳೆ ಬಂದವರ ವಿಳಾಸ ಯಾವುದು?

ಬೆಂಗಳೂರಿನಲ್ಲಿ ಬೇಕಾದಷ್ಟು ಕೆಲಸ ಇರುವಾಗ ನಿಮ್ಮ ವಿಜಯಪುರ ಕಡೆಯವರು ಗೋವಾಕ್ಕೆ ಯಾಕೆ ಹೋಗಿ ಬೀಳುತ್ತೀರಿ ಅಂತ ಕೇಳಿದೆಯಲ್ಲ, ಇಲ್ಲಿ ವಾಸ್ಕೋದಲ್ಲಿ ಚಿಕ್ಕ ಮಕ್ಕಳಿಗೂ ಅದರ ಉತ್ತರ ಗೊತ್ತು. ಇಲ್ಲಿ ನಮ್ಮವರಿದ್ದಾರೆ, ಅದಕ್ಕೆ. 1972ರ ಬರದಲ್ಲಿ ಊರು ಬಿಟ್ಟವರ ಮೊಮ್ಮಕ್ಕಳು ಇಲ್ಲೇ ಹುಟ್ಟಿ ಬೆಳೆದಿದ್ದಾರೆ, ಕೊಂಕಣಿಯನ್ನೂ ಸಲೀಸಾಗಿ ಮಾತಾಡುತ್ತಾರೆ. ಈ ಊರಿನ ಗೋಡೆ, ಗಟಾರ, ರಸ್ತೆ ಎಲ್ಲದರಲ್ಲೂ ನಮ್ಮವರ ಕೈ ಇದೆ.

ಮೊದಲು ಗುಳೆಗೆ ಒಂದು ಲೆಕ್ಕ ಇತ್ತು. ಸುಗ್ಗಿ ಮುಗಿಸಿ ಬರುವುದು, ಕಾರಹುಣ್ಣಿಮೆ ಹೊತ್ತಿಗೆ ಬಿತ್ತನೆಗೆ ಊರಿಗೆ ಹೋಗುವುದು. ಗೋವಾದಲ್ಲೂ ಮಳೆಗಾಲಕ್ಕೆ ಕಟ್ಟಡದ ಕೆಲಸ ಕಡಿಮೆ, ಹಾಗಾಗಿ ಎರಡೂ ಹೊಂದುತ್ತಿತ್ತು. ಈಗ ತೊಗರಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಶ್ರಾವಣಕ್ಕೂ ಮೊದಲೇ ಗಂಟುಮೂಟೆ ಸಮೇತ ವಾಪಸ್ ಬರುತ್ತಾರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮೂರೂ ಉಕ್ಕಿ ಮನೆಗಳು ಬಿದ್ದವು. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ಆವಿ ಹಿಡಿಯುತ್ತದೆ, ಅದಕ್ಕೇ ವಾರಗಟ್ಟಲೆ ಒಣಗಿಸಿ ಆಮೇಲೆ ಒಂದೇ ರಾತ್ರಿಯಲ್ಲಿ ಸುರಿಯುವುದು ಹೆಚ್ಚಾಗಿದೆ.

ಕೂಲಿ ಹೇಗೋ ಸಿಗುತ್ತದೆ. ನಮ್ಮನ್ನು ನಿಜಕ್ಕೂ ಸುಸ್ತು ಮಾಡುವುದು ವಿಳಾಸ. ಖೋಲಿ ಬಾಡಿಗೆಗೆ ಕೊಡುವವರು ಕರಾರುಪತ್ರ ಕೊಡುವುದಿಲ್ಲ, ಲೈಟ್ ಬಿಲ್ ಅವರ ಹೆಸರಲ್ಲೇ ಬರುತ್ತದೆ, ಓಟು ಊರಲ್ಲಿದೆ, ಆಧಾರ್ ಊರಿನದು. ಒಂದು ಕಚೇರಿಯಲ್ಲಿ ನನ್ನ ತಂಗಿಗೆ, ನೀವು ಪ್ರತಿ ವರ್ಷ ಊರಿಗೆ ಹೋಗುತ್ತೀರಲ್ಲ, ಇಲ್ಲಿಯವರು ಹೇಗಾಗುತ್ತೀರಿ ಅಂದರು. ಊರಿಗೆ ಹೋದರೆ ಪಂಚಾಯಿತಿಯಲ್ಲಿ, ನೀವು ಇಲ್ಲಿ ಇರುವುದೇ ಇಲ್ಲವಲ್ಲ ಅನ್ನುತ್ತಾರೆ. ಹೊಲ ಪಾಳು ಬೀಳಬಾರದು ಅಂತ ಬಿತ್ತನೆಗೆ ಹೋದದ್ದೇ ಅವಳಿಗೆ ಮುಳುವಾಯಿತು. ಇಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕಬೇಕಾದರೆ ಗೋವಾದಲ್ಲಿ 15 ವರ್ಷ ವಾಸ ಇದ್ದೇವೆ ಅನ್ನುವ ಸರ್ಟಿಫಿಕೇಟ್ ಬೇಕು. ಅವಳ ಮಗ ಓದಿರುವುದು ಇಲ್ಲೇ, ಆದರೆ ಅಷ್ಟು ವರ್ಷದ ಕಾಗದ ಎಲ್ಲಿಂದ ತರುವುದು?

ಜನಾಂಗ, ಧರ್ಮ, ರಾಜಕೀಯ ನಿಲುವಿನಂಥ ಕಾರಣಕ್ಕೆ ನಡೆಯುವ ದಬ್ಬಾಳಿಕೆಗೆ ಹೆದರಿ ದೇಶ ಬಿಟ್ಟವರಿಗೆ 1951ರ ನಿರಾಶ್ರಿತರ ಒಪ್ಪಂದ ಇದೆ. ಮಳೆ ಹೋಗಿ ಊರು ಬಿಟ್ಟವರ ಮಾತು ಅದರಲ್ಲಿ ಇಲ್ಲ. ನಾವಂತೂ ದೇಶವನ್ನೇ ದಾಟಿಲ್ಲ. 2050ರ ಹೊತ್ತಿಗೆ ಜಗತ್ತಿನ ಆರು ಪ್ರದೇಶಗಳಲ್ಲಿ 21.6 ಕೋಟಿವರೆಗೂ ಜನ ಹೀಗೆ ತಮ್ಮ ದೇಶದೊಳಗೇ ಜಾಗ ಬದಲಿಸಬೇಕಾಗಬಹುದು ಅಂತ ವಿಶ್ವಬ್ಯಾಂಕ್ 2021ರಲ್ಲಿ ಅಂದಾಜು ಮಾಡಿತ್ತು. ಅವರೆಲ್ಲರಿಗೂ ಇದೇ ಪಾಡು ಬರುತ್ತದೆ, ಅಲ್ವಾ?

ಹಾಗಾಗಿ ಯಾಕೆ ಹೋದಿರಿ ಅಂತ ಇನ್ನು ಕೇಳಬೇಡ. ಗುಳೆ ಹೋಗುವ ಮನೆಗಳ ಹೆಸರನ್ನು ನಮ್ಮ ಪಂಚಾಯಿತಿಗಳು ಬರೆದಿಟ್ಟುಕೊಂಡು ಒಂದು ಕಾಗದ ಕೊಡಲಿ, ಅದನ್ನು ಗೋವಾದವರು ಒಪ್ಪುವ ಹಾಗೆ ಎರಡೂ ಸರ್ಕಾರಗಳು ಕೂತು ಮಾತಾಡಲಿ. ನೀನು ಬೆಂಗಳೂರಲ್ಲೇ ಇದ್ದೀಯ, ನಿಮ್ಮ ಶಾಸಕರನ್ನು ಇದನ್ನು ಕೇಳು.